ಮೊಳಕಾಲ್ಮೂರು ಬಂಡೆಯ ಕಾಗೆ ಬಂಗಾರ: ಅಂಗೈಯಲ್ಲಿ ಮಿಂಚು, ಗೋಡೆಯಲ್ಲಿ ಬಿರುಕು!

“ಹಳ್ಳದಾಗೆ ಸಿಕ್ತು ಕಣಣ್ಣ, ಒಸಿ ಒರೆಗೆ ಹಚ್ಚಿ ನೋಡು.”

ಹಳದಿ ಚೂರು ಹಿಡಿದು ಅಕ್ಕಸಾಲಿಗರ ಅಂಗಡಿ ಮೆಟ್ಟಿಲು ಹತ್ತುವವರು ಇಂದಿಗೂ ಇದ್ದಾರೆ. ಒರೆಗಲ್ಲು ಬೇಕೇ ಇಲ್ಲ. ಉಗುರು ತಾಗಿದರೆ ಸಾಕು, ಚೂರು ಹಾಳೆ ಹಾಳೆಯಾಗಿ ಬಿಚ್ಚಿಕೊಳ್ಳುತ್ತದೆ. “ಕಾಗೆ ಬಂಗಾರ ಕಣಪ್ಪ, ತಗಂಡೋಗಿ ಹುಡುಗ್ರ ಕೈಗೆ ಕೊಡು!”

ಕಾಗೆ ಬಂಗಾರವೆಂದರೆ ಅಭ್ರಕ, ಅಂಗಡಿಯವರ ಬಾಯಲ್ಲಿ ಮೈಕಾ. ರಾಮನಗರದ ಕಡೆಯಿಂದ ಬರುವ ಗ್ರಾನೈಟ್ ಪಟ್ಟಿ ಮೊಳಕಾಲ್ಮೂರು ಸೀಮೆ ಹಾದು ಉತ್ತರಕ್ಕೆ ಹೋಗುತ್ತದೆ. ರಾಮನಗರದ ಹಳೆಯ ಹೆಸರು ಹಿಡಿದು ಇದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ! ಈ ಕಲ್ಲಿನ ಕರಿ ಚುಕ್ಕೆಗಳಲ್ಲಿ ಅನೇಕವು ಅಭ್ರಕದವೇ. ಮಳೆ ಬಿಸಿಲಿಗೆ ಸಿಕ್ಕಿ ಅದರೊಳಗಿನ ಕಬ್ಬಿಣ ಮಾರ್ಪಟ್ಟಂತೆ ಕಪ್ಪು ಇಳಿದು ಹೊಂಬಣ್ಣ ಏರುತ್ತದೆ. ಮೋಸ ಶುರುವಾಗುವುದೇ ಅಲ್ಲಿ.

1 ಮಿಲಿಮೀಟರ್ ದಪ್ಪದ ಅಭ್ರಕದಲ್ಲಿ ಸುಮಾರು 10 ಲಕ್ಷ ಪದರಗಳಿವೆ. ಪದರದ ಮುಖ ಕನ್ನಡಿಯಂತೆ ಸಮ. ಬಿದ್ದ ಬೆಳಕನ್ನು ಒಂದೇ ದಿಕ್ಕಿಗೆ ಎಸೆಯುತ್ತದೆ. ಹಾಗಾಗಿ ಕೈ ಕೊಂಚ ತಿರುಗಿಸಿದರೆ ಮಿಂಚು ಮಾಯ. ಚಿನ್ನ ಹಾಗಲ್ಲ, ಹೇಗೆ ಹಿಡಿದರೂ, ನೆರಳಿನಲ್ಲೂ ಹಳದಿಯೇ.

ಮೊಳಕಾಲ್ಮೂರು ಸೀರೆ ಮಾರುವವರಿಗೆ ಇಂಥ ಆಟ ಹೊಸದೇನಲ್ಲ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣವಿದ್ದರೆ ಸೆರಗು ತಿರುವಿದಂತೆ ಬಣ್ಣ ಬದಲು. ಕರಿ ಅಭ್ರಕದ ತೆಳು ಚೂರನ್ನು ಭೂವಿಜ್ಞಾನಿಗಳು ಸೂಕ್ಷ್ಮದರ್ಶಕದಡಿ ತಿರುಗಿಸಿದರೆ ಅದೂ ತಿಳಿಹಳದಿಯಿಂದ ಕಡುಗಂದಿಗೆ ತಿರುಗುತ್ತದೆ. ಕಾರಣ ಬೇರೆ: ಪದರದ ಉದ್ದಕ್ಕೆ ಕಂಪಿಸುವ ಬೆಳಕನ್ನು ಅದು ಹೆಚ್ಚು ನುಂಗುತ್ತದೆ, ಅಡ್ಡಕ್ಕೆ ಕಂಪಿಸುವುದನ್ನು ಕಡಿಮೆ. 1930ರಲ್ಲಿ ನೊಬೆಲ್ ಪಡೆದ ಸರ್ ಸಿ.ವಿ. ರಾಮನ್ ಕೂಡ ಕಲ್ಕತ್ತೆಯಲ್ಲಿದ್ದಾಗ ಅಭ್ರಕದ ಬಣ್ಣಗಳ ಬೆನ್ನು ಹತ್ತಿದ್ದವರೇ.

ಹಾಗಂತ ಅಭ್ರಕ ಕೆಲಸಕ್ಕೆ ಬಾರದ್ದಲ್ಲ. ಹಳೇ ಇಸ್ತ್ರಿಪೆಟ್ಟಿಗೆ ಬಿಚ್ಚಿದವರು ಕಂಡಿರುತ್ತಾರೆ, ಒಳಗಿನ ತಂತಿ ಸುತ್ತಿರುವುದು ಮೈಕಾ ಹಾಳೆಗೆ. ಅದು ದೊಡ್ಡ ಹಾಳೆಯ ಬಿಳಿ ಅಭ್ರಕ. ಜಾರ್ಖಂಡ್, ನೆಲ್ಲೂರು ಕಡೆಯ ಗಣಿಗಳ ಮಾಲು. ಬಂಡೆ ಉದುರಿಸಿದ ಕರಿ ಚೂರಿಗೆ ಆ ಭಾಗ್ಯವಿಲ್ಲ.

ಚಿನ್ನವಲ್ಲ ಅಂತ ಗೊತ್ತಾದರೆ ಹೋಗುವುದು ಬಸ್ ಚಾರ್ಜು ಮಾತ್ರ. ಮನೆ, ಮಳಿಗೆ ಕಟ್ಟಿಸುವವರಿಗೆ ಬೀಳುವ ಪೆಟ್ಟೇ ದೊಡ್ಡದು. “ಮರಳು ಹೆಂಗೆ ಫಳಫಳ ಅಂತೈತೆ ನೋಡಿ” ಎಂದು ಲಾರಿಯವನು ಹೊಗಳಿದರೆ ಹಿಗ್ಗಬೇಡಿ. ಆ ಫಳಫಳ ಅಭ್ರಕದ್ದಾಗಿರಬಹುದು. ನುಣುಪು ಚಪ್ಪಟೆ ಚೂರಿಗೆ ಸಿಮೆಂಟು ಗಟ್ಟಿಯಾಗಿ ಹಿಡಿಯುವುದಿಲ್ಲ. ನೀರೂ ಜಾಸ್ತಿ ಕೇಳುತ್ತದೆ. ಪ್ಲಾಸ್ಟರು ಬಿರುಕು ಬಿಟ್ಟ ಮೇಲೆ ಮೇಸ್ತ್ರಿಯನ್ನು ಬೈದು ಫಲವೇನು? ಹಳ್ಳದ ಮರಳಿಗೂ ಇದೇ ಮಾತು, ಕ್ರಷರ್ ಎಂ-ಸ್ಯಾಂಡಿಗೂ ಇದೇ ಮಾತು.

ಪರೀಕ್ಷೆ ಸುಲಭ. ಗಾಜಿನ ಲೋಟದ ನೀರಿಗೆ ಒಂದು ಹಿಡಿ ಮರಳು ಹಾಕಿ ಕದಡಿ, ಬಿಸಿಲಿಗಿಡಿ. ಕಾಳು ಮರಳು ಮೊದಲು ತಳ ಸೇರುತ್ತದೆ. ಅಭ್ರಕ ತೇಲಾಡುತ್ತಾ ಕೊನೆಗೆ ಮೇಲೆ ಕೂರುತ್ತದೆ. ಮೇಲ್ಪದರ ದಪ್ಪಗೆ ಮಿಂಚಿದರೆ ಲಾರಿ ಇಳಿಸುವ ಮುಂಚೆಯೇ ವಾಪಸ್ ಕಳಿಸಿ.