ಎನಾಮಲ್ಲಿನ ಮೇಲೆ ಎನ್‌ಸಿ ಬಣ್ಣ ಸುಕ್ಕುಗಟ್ಟುವುದೇಕೆ?

ಪ್ರಶ್ನೆ: ಎನಾಮಲ್ ಪ್ರೈಮರಿನ ಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ಹೊಡೆದರೆ ಅದು ಸುಕ್ಕುಗಟ್ಟುವುದೇಕೆ? (ನಾಗಲದಿನ್ನೆಯ ಓದುಗರೊಬ್ಬರು)

ಉತ್ತರ: ದೋಷವು ಬಣ್ಣದ್ದಲ್ಲ, ಸಾಂಗತ್ಯದ್ದು. ಎನಾಮಲ್ಲು ಗಾಳಿಯ ಆಮ್ಲಜನಕವನ್ನು ಹೀರಿ ಮಂದಗತಿಯಿಂದ ಗಟ್ಟಿಯಾಗತಕ್ಕದ್ದು. ಎನ್‌ಸಿಯಾದರೋ ಥಿನ್ನರು ಆವಿಯಾದ ಮಾತ್ರದಿಂದಲೇ ಒಣಗುವಂಥದು. ಆ ತೀಕ್ಷ್ಣ ದ್ರಾವಕವು ಅರೆಪಕ್ವವಾದ ಕೆಳಪದರಕ್ಕಿಳಿದು ಅದನ್ನು ಉಬ್ಬಿಸಲು, ಕಾದಾರಿದ ಹಾಲಿನ ಕೆನೆಯಂತೆ ಮೇಲ್ಮೈ ನಿರಿಗೆಗಟ್ಟುತ್ತದೆ. ಅಂತಹ ಪದರವನ್ನು ಕೆಳಗಿನ ತಗಡು ಕಾಣುವವರೆಗೆ ಕೆರೆದು ತೆಗೆದು, ಮೊದಲು ಎಪಾಕ್ಸಿ ಪ್ರೈಮರನ್ನೂ ಬಳಿಕ ಹಾರ್ಡನರ್ ಬೆರೆಸಿದ ಪಿಯು (ಪಾಲಿಯುರಿಥೇನ್) ಬಣ್ಣವನ್ನೂ, ಎರಡೂ ಒಂದೇ ಕಂಪನಿಯವಾಗುವಂತೆ ನೋಡಿಕೊಂಡು, ಹೊಡೆಸುವುದೇ ಶ್ರೇಯಸ್ಕರವೆಂದು ನನ್ನ ದೃಢವಾದ ಅಭಿಪ್ರಾಯ. ಹಳೆಯ ಬಣ್ಣದ ಜಾತಿ ತಿಳಿಯದಿದ್ದಲ್ಲಿ, ಹತ್ತಿಯ ತುಣುಕೊಂದನ್ನು ಎನ್‌ಸಿ ಥಿನ್ನರಿನಲ್ಲಿ ಅದ್ದಿ, ಕಣ್ಣಿಗೆ ಬೀಳದ ಮೂಲೆಯಲ್ಲಿ ಉಜ್ಜಿರಿ: ಕರಗಿ ಹತ್ತಿಗಂಟಿದರೆ ಎನ್‌ಸಿ, ಸುಕ್ಕಾದರೆ ಎನಾಮಲ್ಲು, ಅಲುಗದಿದ್ದರೆ ಬಹುಮಟ್ಟಿಗೆ ಪಿಯು.