ನೋವು ಇಳಿದ ಮೇಲೆ ಕಿರಿದಾಗುವ ಅನ್ನನಾಳ

ಶೌಚಾಲಯ ತೊಳೆಯುವ ಆ್ಯಸಿಡ್, ಕಟ್ಟಿಕೊಂಡ ಮೋರಿಯನ್ನು ಬಿಡಿಸುವ ಕಾಸ್ಟಿಕ್ ಸೋಡಾ ಮುಂತಾದವು ಹೊಟ್ಟೆಗೆ ಹೋದಾಗ ಆಗುವ ಹಾನಿಯು ಇತರ ವಿಷಪ್ರಾಶನಕ್ಕಿಂತ ಭಿನ್ನವಾದುದು. ಕೀಟನಾಶಕವು ರಕ್ತಕ್ಕೆ ಸೇರಿ ಕೆಡುಕು ಮಾಡಿದರೆ, ಈ ದಾಹಕ ವಸ್ತುಗಳು ಮುಖ್ಯವಾಗಿ ತಾವು ತಾಕಿದ ಅಂಗಾಂಶವನ್ನೇ ಸುಡುತ್ತವೆ. ಜೀವ ಉಳಿದ ಮೇಲೂ ಆ ಗಾಯ ಮಾಯುವ ಬಗೆಯೇ ರೋಗಿಯ ಮುಂದಿನ ವರ್ಷಗಳನ್ನು ನಿರ್ಧರಿಸುತ್ತದೆ.

2016ರ ಮೇ ತಿಂಗಳಲ್ಲಿ ಕಲಬುರಗಿಯ ಖಾಸಗಿ ನರ್ಸಿಂಗ್ ಕಾಲೇಜೊಂದರಲ್ಲಿ ಓದುತ್ತಿದ್ದ ಕೇರಳದ ವಿದ್ಯಾರ್ಥಿನಿಗೆ, ರ‍್ಯಾಗಿಂಗ್ ಹೆಸರಿನಲ್ಲಿ ಹಿರಿಯ ವಿದ್ಯಾರ್ಥಿನಿಯರು ಶೌಚಾಲಯ ತೊಳೆಯುವ ದ್ರಾವಣ ಕುಡಿಸಿದರೆಂಬ ಆರೋಪವು ಎರಡೂ ರಾಜ್ಯಗಳಲ್ಲಿ ಸುದ್ದಿಯಾಯಿತು. ಕಲಬುರಗಿಯಲ್ಲಿ ಚಿಕಿತ್ಸೆ ಪಡೆದು, ಬಳಿಕ ಕೋಳಿಕ್ಕೋಡ್ ವೈದ್ಯಕೀಯ ಕಾಲೇಜಿಗೆ ದಾಖಲಾದ ಆಕೆಯ ಅನ್ನನಾಳಕ್ಕೆ ತೀವ್ರ ಹಾನಿಯಾಗಿ, ವಾರಗಳು ಕಳೆದರೂ ಆಹಾರ ನುಂಗುವುದು ದುಸ್ತರವಾಗಿತ್ತು.

ಆ್ಯಸಿಡ್ ತಾಕಿದಾಗ ಅಂಗಾಂಶದ ಪ್ರೋಟೀನು ಹೆಪ್ಪುಗಟ್ಟಿ ಹಕ್ಕಳೆಯಾಗುವುದರಿಂದ ಸುಡುವಿಕೆಯು ಸ್ವಲ್ಪಮಟ್ಟಿಗೆ ತಡೆಯಲ್ಪಡುತ್ತದೆಯಾದರೂ, ದ್ರವವು ಜಠರದ ಕೆಳಬಾಯಿಯ ಬಳಿ ನಿಂತು ಅಲ್ಲಿ ಆಳವಾದ ಗಾಯ ಮಾಡಬಲ್ಲದು. ಕಾಸ್ಟಿಕ್ ಸೋಡಾದಂತಹ ಪ್ರಬಲ ಕ್ಷಾರವು ಕೊಬ್ಬು ಮತ್ತು ಪ್ರೋಟೀನುಗಳನ್ನು ಕರಗಿಸುತ್ತ ಒಳಪದರಗಳಿಗೆ ಇಳಿಯುವುದರಿಂದ, ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳದ ಗೋಡೆಯೇ ತೂತಾಗುವ ಅಪಾಯವಿದೆ. ಬಾಯಿಯಲ್ಲಿ ಸುಟ್ಟ ಗುರುತಿಲ್ಲವೆಂದು ಒಳಗೂ ಕ್ಷೇಮವೆಂದು ಭಾವಿಸುವಂತಿಲ್ಲ. ಧ್ವನಿ ಒಡೆಯುವುದು, ಉಸಿರಾಟದಲ್ಲಿ ಸದ್ದು ಬರುವುದು ಶ್ವಾಸಮಾರ್ಗ ಊದಿಕೊಳ್ಳುತ್ತಿರುವ ಲಕ್ಷಣಗಳು.

ಇಂತಹ ಸಂದರ್ಭದಲ್ಲಿ ವಾಂತಿ ಮಾಡಿಸಿದರೆ ದ್ರವವು ಅನ್ನನಾಳವನ್ನು ಎರಡನೆಯ ಬಾರಿ ಸುಡುತ್ತದೆ. ಆ್ಯಸಿಡ್‌ಗೆ ಸೋಡಾಪುಡಿ, ಕ್ಷಾರಕ್ಕೆ ನಿಂಬೆರಸ ಕುಡಿಸಿದರೆ ರಾಸಾಯನಿಕ ಕ್ರಿಯೆಯ ಶಾಖವು ಗಾಯವನ್ನು ಹೆಚ್ಚಿಸಬಹುದು. ಬಾಯಿ ಮುಕ್ಕಳಿಸಿ ಉಗುಳಿಸಿ, ಏನನ್ನೂ ಕುಡಿಸದೆ, ಬಾಟಲಿಯೊಡನೆ ಆಸ್ಪತ್ರೆಗೆ ಕರೆದೊಯ್ಯುವುದೇ ಸರಿಯಾದ ಕ್ರಮ. ಕಲಬುರಗಿಯ ಶಹಾಬಜಾರದ ನಿವಾಸಿಗಳಿಗೆ ದೊಡ್ಡ ಆಸ್ಪತ್ರೆಗಳು ನಗರದೊಳಗೇ ಇವೆ. ಅದೇ ಜಿಲ್ಲೆಯ ಕಮಲಾಪುರದ ಕಡೆಯ ಹಳ್ಳಿಗಳಿಂದ ಬರುವವರು 108ಕ್ಕೆ ಕರೆ ಮಾಡುವುದರ ಜೊತೆಗೆ, ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ 1800 116 117 ಸಂಖ್ಯೆಯಲ್ಲಿ ಸಲಹೆ ಪಡೆಯಬಹುದು.

ಸಾಮಾನ್ಯವಾಗಿ ಮೊದಲ 24ರಿಂದ 48 ಗಂಟೆಗಳೊಳಗೆ ಎಂಡೋಸ್ಕೋಪಿ, ಅಂದರೆ ಕ್ಯಾಮೆರಾವುಳ್ಳ ನಳಿಕೆಯ ತಪಾಸಣೆ, ನಡೆಸಿ ಗಾಯದ ದರ್ಜೆಯನ್ನು ಗುರುತಿಸುತ್ತಾರೆ. ಇದಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಝರ್ಗರ್ ವರ್ಗೀಕರಣವು 1991ರಲ್ಲಿ ಪ್ರಕಟವಾದ ಭಾರತೀಯ ವೈದ್ಯರ ಕೊಡುಗೆ. ಮೇಲ್ಪದರದ ಗಾಯವು ಪೂರ್ತಿ ಮಾಯುತ್ತದೆ. ಆಳವಾದ ಗಾಯದಲ್ಲಿ ಮಾತ್ರ ಮೂರನೆಯ ವಾರದಿಂದ ಕಲೆಯ ಅಂಗಾಂಶ ಬಿಗಿಯುತ್ತ ನಾಳವನ್ನು ಕಿರಿದಾಗಿಸುತ್ತದೆ. ಇಂತಹ ಸಂಕೋಚನಗಳಲ್ಲಿ ಹೆಚ್ಚಿನವು ಎರಡು ತಿಂಗಳೊಳಗೆ ಕಾಣಿಸಿಕೊಳ್ಳುವುದರಿಂದ, ನೋವು ಇಳಿದು ಗಂಜಿ ಸೇರುತ್ತಿದೆಯೆಂಬ ನೆಮ್ಮದಿಯಲ್ಲಿ ಮನೆಗೆ ಮರಳಿದವರಿಗೆ ಮೊದಲು ರೊಟ್ಟಿ, ಆಮೇಲೆ ಅನ್ನ, ಕೊನೆಗೆ ನೀರೂ ಇಳಿಯದಂತಾಗಬಹುದು. ಜಠರದ ಕೆಳಬಾಯಿ ಕಿರಿದಾದವರಿಗೆ ಉಂಡದ್ದೆಲ್ಲ ವಾಂತಿಯಾಗುತ್ತದೆ.

ಕಿರಿದಾದ ನಾಳವನ್ನು ಬಲೂನು ಅಥವಾ ತುದಿ ಕಿರಿದಾದ ನಳಿಕೆಗಳಿಂದ ಹಿಗ್ಗಿಸುವ ಡೈಲೇಟೇಶನ್ ಚಿಕಿತ್ಸೆಯನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಅದು ಫಲಿಸದಿದ್ದಾಗ ದೊಡ್ಡ ಕರುಳಿನ ತುಂಡನ್ನೋ ಜಠರವನ್ನೋ ಮೇಲಕ್ಕೆಳೆದು ಹೊಸ ಅನ್ನಮಾರ್ಗ ರೂಪಿಸುತ್ತಾರೆ. ಅಷ್ಟರವರೆಗೆ ಕರುಳಿಗಿಟ್ಟ ಕೊಳವೆಯ ಮೂಲಕ ಪೋಷಣೆ ಒದಗಿಸುವುದೂ ಉಂಟು.

ವಯಸ್ಕರಲ್ಲಿ ಇಂತಹ ಪ್ರಕರಣಗಳಿಗೆ ಅನೇಕ ವೇಳೆ ಮನೋವೇದನೆಯೇ ಕಾರಣವಾಗಿರುವುದರಿಂದ ಮನಸ್ಸಿನ ಚಿಕಿತ್ಸೆಯೂ ಜೊತೆಗೇ ಸಾಗಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಇದಕ್ಕಾಗಿಯೇ ಇದೆ. ಉಳಿದವುಗಳಲ್ಲಿ ಕೆಲವು, ಬಿಡಿಯಾಗಿ ಕೊಂಡ ಆ್ಯಸಿಡನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡುವುದರ ಫಲ. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ್ಯಸಿಡ್ ಮಾರಾಟಕ್ಕೆ ಗುರುತಿನ ಚೀಟಿ ಮತ್ತು ದಾಖಲೆ ಪುಸ್ತಕವನ್ನು ಕಡ್ಡಾಯಗೊಳಿಸಿದ್ದರೂ, ಮನೆಯೊಳಗಿನ ಬಾಟಲಿಯ ಮೇಲ್ವಿಚಾರಣೆ ಮನೆಯವರದೇ.

ಆಳವಾಗಿ ಸುಟ್ಟ ಅನ್ನನಾಳದಲ್ಲಿ ದಶಕಗಳ ಬಳಿಕ ಕ್ಯಾನ್ಸರ್ ತಲೆದೋರುವ ಸಂಭವ ಇತರರಿಗಿಂತ ಬಹಳ ಹೆಚ್ಚಾಗಿರುವುದರಿಂದ, 15–20 ವರ್ಷಗಳ ನಂತರವೂ ಎಂಡೋಸ್ಕೋಪಿ ತಪಾಸಣೆ ಅಗತ್ಯ. ಆದ್ದರಿಂದ ಬಿಡುಗಡೆಯ ದಿನ ಆಸ್ಪತ್ರೆ ನೀಡುವ ಚೀಟಿಯನ್ನು ಜೋಪಾನವಾಗಿಡುವುದೂ, ಚೇತರಿಸಿಕೊಂಡೆನೆಂದು ಮುಂದಿನ ಭೇಟಿಗಳನ್ನು ತಪ್ಪಿಸದಿರುವುದೂ ಈ ಚಿಕಿತ್ಸೆಯ ಅವಿಭಾಜ್ಯ ಅಂಗಗಳಾಗಿವೆ.