ವಿಮಾನ ಸಂಸ್ಥೆ ಕೈಬದಲಾದಾಗ ಪೈಲಟ್‌ಗಳ ಚಿಂತೆ ಏನು?

ಶಿವಮೊಗ್ಗ ಹೊರವಲಯದ ಸೋಗಾನೆಯಲ್ಲಿ 2023ರ ಫೆಬ್ರುವರಿ 27ರಂದು ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ತಲೆಯ ಮೇಲೆ ವಿಮಾನ ಹಾರುವುದನ್ನು ಕಂಡ ಮಕ್ಕಳಿಗೆ ಪೈಲಟ್ ಆಗುವ ಆಸೆ ಹುಟ್ಟುವುದು ಸಹಜ. ತರಬೇತಿಗೆ ಎಷ್ಟು ಖರ್ಚು, ಸಂಬಳ ಎಷ್ಟು ಎಂದು ತಂದೆತಾಯಿ ವಿಚಾರಿಸುತ್ತಾರೆ. ಆದರೆ ಒಂದು ಪ್ರಶ್ನೆ ಕೇಳುವವರು ಕಡಿಮೆ: ಕೆಲಸಕ್ಕೆ ಸೇರಿದ ಸಂಸ್ಥೆಯೇ ನಾಳೆ ಬೇರೆಯವರ ಪಾಲಾದರೆ?

ಭದ್ರಾವತಿಯವರಿಗೆ ಈ ಪ್ರಶ್ನೆ ಹೊಸದಲ್ಲ. ಮೈಸೂರು ಸಂಸ್ಥಾನ ಕಟ್ಟಿದ ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಉತ್ಪಾದನೆ ಆರಂಭವಾಯಿತು. 1962ರಲ್ಲಿ ಅದು ಕಂಪನಿಯಾಯಿತು. ನಂತರ ವಿಶ್ವೇಶ್ವರಯ್ಯನವರ ಹೆಸರು ಪಡೆದು, 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಬಂದು, 1998ರಲ್ಲಿ ಅದರಲ್ಲೇ ವಿಲೀನವಾಯಿತು. ಮುಂದೆ ಖಾಸಗಿಯವರಿಗೆ ಮಾರಲು ಹೊರಟಾಗ ಕೊಳ್ಳುವವರೇ ಇಲ್ಲವಾಗಿ 2022ರಲ್ಲಿ ಆ ಯತ್ನ ನಿಂತಿತು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಫಲಕದ ಮೇಲಿನ ಹೆಸರು ಬದಲಾದಾಗಲೆಲ್ಲ ಕುಲುಮೆಯ ಮುಂದೆ ನಿಂತವನ ಎದೆ ಡವಗುಟ್ಟುತ್ತದೆ. ಕಾಕ್‌ಪಿಟ್‌ನಲ್ಲಿ ಕುಳಿತವನ ಸ್ಥಿತಿಯೂ ಬೇರೆಯಲ್ಲ.

ಡೆಕ್ಕನ್‌ನಿಂದ ಕಿಂಗ್‌ಫಿಷರ್‌ಗೆ

ನಮ್ಮ ನಾಡಿನ ಉದಾಹರಣೆಯನ್ನೇ ನೋಡೋಣ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದರು. ಪುಟ್ಟ ಎಟಿಆರ್ ವಿಮಾನಗಳನ್ನು ಸಣ್ಣ ಊರುಗಳಿಗೂ ಹಾರಿಸಿದ ಈ ಸಂಸ್ಥೆ, ಕಡಿಮೆ ದರದ ಪ್ರಯಾಣವನ್ನು ಸಾಮಾನ್ಯ ಜನರಿಗೆ ಪರಿಚಯಿಸಿತು. ಆದರೆ ನಷ್ಟ ಬೆಳೆಯಿತು. 2007ರಲ್ಲಿ ವಿಜಯ್ ಮಲ್ಯ ಅವರ ಯುಬಿ ಸಮೂಹ ಇದರಲ್ಲಿ ಶೇ. 26ರಷ್ಟು ಪಾಲು ಕೊಂಡಿತು. 2008ರಲ್ಲಿ ಎರಡೂ ಸಂಸ್ಥೆಗಳು ಒಂದಾದವು. ಡೆಕ್ಕನ್ ಸೇವೆಗೆ ‘ಕಿಂಗ್‌ಫಿಷರ್ ರೆಡ್’ ಎಂಬ ಹೆಸರು ಬಂತು.

ಮಲ್ಯ ಅವರಿಗೆ ಇದರಿಂದ ಇನ್ನೊಂದು ಅನುಕೂಲವಿತ್ತು. ದೇಶದೊಳಗೆ ಐದು ವರ್ಷ ಹಾರಾಡಿದ ಸಂಸ್ಥೆಗೆ ಮಾತ್ರ ವಿದೇಶಕ್ಕೆ ಹಾರಲು ಅವಕಾಶ ಎಂಬ ನಿಯಮ ಆಗ ಇತ್ತು. ಕಿಂಗ್‌ಫಿಷರ್ ಹುಟ್ಟಿದ್ದು 2005ರಲ್ಲಿ. ಡೆಕ್ಕನ್‌ಗೆ 2008ಕ್ಕೆ ಐದು ವರ್ಷ ತುಂಬಿತು. ಹೀಗೆ ಸಂಸ್ಥೆಯ ವಯಸ್ಸಿಗೂ ಬೆಲೆ ಬಂತು. ಹಾಗಾದರೆ ಪೈಲಟ್‌ನ ಸೇವಾವಧಿಗೆ?

ಹಿರಿತನದ ಪಟ್ಟಿ

ಪೈಲಟ್‌ನ ಬದುಕು ‘ಹಿರಿತನದ ಪಟ್ಟಿ’ಯ ಸುತ್ತ ತಿರುಗುತ್ತದೆ. ಸಹ ಪೈಲಟ್ ಯಾವಾಗ ಕ್ಯಾಪ್ಟನ್ ಆಗುತ್ತಾನೆ, ದೊಡ್ಡ ವಿಮಾನದ ತರಬೇತಿ ಯಾರಿಗೆ ಮೊದಲು, ಯಾವ ಊರಿನಲ್ಲಿ ವಾಸ ಎಂಬುದೆಲ್ಲ ಬಹುಮಟ್ಟಿಗೆ ಈ ಪಟ್ಟಿಯನ್ನೇ ಅವಲಂಬಿಸಿದೆ. ಎರಡು ಶಾಲೆಗಳನ್ನು ಒಂದು ಮಾಡಿ, ಎರಡೂ ಕಡೆಯ ಮೊದಲ ರ‍್ಯಾಂಕಿನವರನ್ನು ಒಂದೇ ತರಗತಿಯಲ್ಲಿ ಕೂರಿಸಿದರೆ ಏನಾದೀತೋ, ಎರಡು ಪಟ್ಟಿಗಳನ್ನು ಬೆರೆಸಿದಾಗಲೂ ಅದೇ ಆಗುತ್ತದೆ.

ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ 2007ರಲ್ಲಿ ವಿಲೀನಗೊಂಡವು. ಹೊಸ ಡ್ರೀಮ್‌ಲೈನರ್ ವಿಮಾನದ ತರಬೇತಿಯನ್ನು ಇಂಡಿಯನ್ ಏರ್‌ಲೈನ್ಸ್‌ನಿಂದ ಬಂದವರಿಗೂ ಕೊಟ್ಟರೆ ತಮ್ಮ ಬಡ್ತಿ ಹಿಂದೆ ಬೀಳುತ್ತದೆಂದು ಏರ್ ಇಂಡಿಯಾ ಪೈಲಟ್‌ಗಳು ಆಕ್ಷೇಪಿಸಿದರು. 2012ರ ಮೇ ತಿಂಗಳಲ್ಲಿ ಶುರುವಾದ ಅವರ ಮುಷ್ಕರ ಸುಮಾರು ಎರಡು ತಿಂಗಳು ನಡೆಯಿತು. ವಿಲೀನವಾಗಿ ಐದು ವರ್ಷ ಕಳೆದರೂ ಮನಸ್ಸುಗಳು ಒಂದಾಗಿರಲಿಲ್ಲ.

ಏರ್ ಇಂಡಿಯಾ 2022ರ ಜನವರಿಯಲ್ಲಿ ಟಾಟಾ ಸಮೂಹಕ್ಕೆ ಮರಳಿತು. ಟಾಟಾದವರದೇ ಪಾಲಿದ್ದ ವಿಸ್ತಾರಾ ಸಂಸ್ಥೆಯನ್ನು ಅದರಲ್ಲಿ ಸೇರಿಸಲು ಸಿದ್ಧತೆ ನಡೆದಾಗ ಪೈಲಟ್‌ಗಳಿಗೆ ಹೊಸ ವೇತನ ಕ್ರಮ ಬಂತು. ಖಚಿತ ಸಂಬಳ ಸಿಗುವ ಹಾರಾಟದ ಅವಧಿಯನ್ನು ತಿಂಗಳಿಗೆ 70 ಗಂಟೆಯಿಂದ 40ಕ್ಕೆ ಇಳಿಸಿದ್ದು ಅವರನ್ನು ಕೆರಳಿಸಿತು. 2024ರ ಏಪ್ರಿಲ್ ಹೊತ್ತಿಗೆ ಪೈಲಟ್‌ಗಳ ಕೊರತೆಯಿಂದ ಹಲವು ವಿಮಾನಗಳು ರದ್ದಾದವು. ಅದೇ ನವೆಂಬರ್ 12ರಂದು ವಿಲೀನ ಪೂರ್ಣಗೊಂಡಿತು.

ಕೈಯಲ್ಲಿರುವ ಪರವಾನಗಿ

ಹೊರಗಿನವರಿಗೆ ಒಂದು ಅನುಮಾನ ಬರಬಹುದು: ವಿದ್ಯೆ ಕೈಯಲ್ಲಿದ್ದರೆ ಬೇರೆ ಸಂಸ್ಥೆ ಸೇರಬಹುದಲ್ಲವೇ? ಸೇರಬಹುದು, ಆದರೆ ಅಷ್ಟು ಸುಲಭವಲ್ಲ. ಪರವಾನಗಿ ಇದ್ದ ಮಾತ್ರಕ್ಕೆ ಎಲ್ಲ ಪ್ರಯಾಣಿಕ ವಿಮಾನಗಳನ್ನೂ ನಡೆಸುವಂತಿಲ್ಲ. ಪ್ರತಿ ಮಾದರಿಗೂ ಪ್ರತ್ಯೇಕ ತರಬೇತಿ, ಪರೀಕ್ಷೆ ಬೇಕು. ಎಟಿಆರ್‌ಗೆ ಪ್ರೊಪೆಲ್ಲರ್ ಉಂಟು. ಅದು 25,000 ಅಡಿಗಿಂತ ಮೇಲೆ ಹಾರುವುದಿಲ್ಲ. ಏರ್‌ಬಸ್ 320 ಜೆಟ್ ವಿಮಾನ. ಅದಕ್ಕಿಂತ ಹತ್ತು ಸಾವಿರ ಅಡಿಗೂ ಹೆಚ್ಚು ಎತ್ತರದಲ್ಲಿ, ಇನ್ನೂ ವೇಗವಾಗಿ ಹಾರಬಲ್ಲದು. ಒಂದನ್ನು ಬಲ್ಲವನು ಇನ್ನೊಂದನ್ನು ಹೊಸದಾಗಿ ಕಲಿಯಲೇಬೇಕು. ಸಾಮಾನ್ಯವಾಗಿ ಹೊಸ ಸಂಸ್ಥೆಯಲ್ಲಿ ಹಿರಿತನವೂ ಮತ್ತೆ ಮೊದಲಿನಿಂದ.

ಮೇಲಾಗಿ, ಹಾರದ ಪೈಲಟ್‌ನ ಅರ್ಹತೆ ಮಸುಕಾಗುತ್ತದೆ. ಪ್ರಯಾಣಿಕರನ್ನು ಕರೆದೊಯ್ಯಲು ಹಿಂದಿನ 90 ದಿನಗಳಲ್ಲಿ ಕನಿಷ್ಠ ಮೂರು ಬಾರಿ ವಿಮಾನ ಏರಿಸಿ ಇಳಿಸಿರಬೇಕು. ವರ್ಷಕ್ಕೊಮ್ಮೆಯಾದರೂ ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಹಲವು ತಿಂಗಳು ಸಂಬಳ ಬಾರದೆ ಕಿಂಗ್‌ಫಿಷರ್ ಪೈಲಟ್‌ಗಳೂ ಎಂಜಿನಿಯರುಗಳೂ ಮುಷ್ಕರ ಹೂಡಿ, 2012ರ ಅಕ್ಟೋಬರ್‌ನಲ್ಲಿ ಸಂಸ್ಥೆಯ ಹಾರಾಟವೇ ನಿಂತಾಗ ಅವರು ಎದುರಿಸಿದ್ದು ಈ ಎರಡು ಬಗೆಯ ನಷ್ಟವನ್ನು: ಮನೆಗೆ ಹಣವಿಲ್ಲ, ಹಾರಾಟದ ಅಭ್ಯಾಸವೂ ಇಲ್ಲ.

ಹಾಗೆಂದು ಮಕ್ಕಳ ಆಸೆಗೆ ತಣ್ಣೀರೆರಚಬೇಕಿಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿ, 200 ಗಂಟೆ ಹಾರಾಟ ಮುಗಿಸಿದವರಿಗೆ ವಾಣಿಜ್ಯ ಪೈಲಟ್ ಪರವಾನಗಿಯ ದಾರಿ ತೆರೆದಿದೆ. ಆದರೆ ಸಾಲ ಮಾಡುವ ಮುನ್ನ ಮಾದರಿ ತರಬೇತಿಯ ಖರ್ಚನ್ನೂ, ಕೆಲಸ ಸಿಗುವವರೆಗಿನ ಕಾಯುವಿಕೆಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಕೆಲಸ ಸಿಕ್ಕಾಗ ಕರಾರು ಪತ್ರವನ್ನು ಪೂರ್ತಿ ಓದಬೇಕು. ಸಂಸ್ಥೆ ಕೈಬದಲಾದರೂ ಉಳಿಯುವುದು ತಾನು ಕಲಿತ ವಿದ್ಯೆ, ದಾಖಲೆ ಪುಸ್ತಕದಲ್ಲಿ ಬರೆದಿಟ್ಟ ಹಾರಾಟದ ಗಂಟೆಗಳು ಮತ್ತು ಕಾಪಾಡಿಕೊಂಡ ಆರೋಗ್ಯ. ಅವುಗಳನ್ನು ಗಟ್ಟಿ ಮಾಡಿಕೊಂಡವನಿಗೆ ಮಾಲೀಕ ಬದಲಾದ ದಿನ ಚಿಂತೆ ಇರಬಹುದು, ದಿಕ್ಕು ತಪ್ಪಲಾರದು.